ನೇತ್ರಾಣಿ: ನೀರಿಗೆ ಇಳಿಯೋ ಮುಂಚೆ (ಭಾಗ 3)

ಹಾವೇರಿ, ಶಿರಸಿ, ದೇವಿಮನೆ ಘಟ್ಟ, ಕುಮಟಾ, ಮುರುಡೇಶ್ವರ. ದಾರಿ ಫಿಕ್ಸ್ ಆತು. ‘ಗಂಧದ ಗುಡಿ’ಯೊಳಗ ಅಪ್ಪು ಡೈವ್ ಮಾಡಿದ್ದು ನೋಡಿದಾಗಿಂದ ಇದ್ದ ಆಸೆ. ಅಷ್ಟರಾಗ ಗ್ರೂಪ್‌ನ್ಯಾಗ ಒಬ್ಬಾಕಿ ಕೇಳಿದ್ಲು: ‘ದ್ವೀಪದ ರೆಸಾರ್ಟ್ ಬುಕ್ ಮಾಡೂಣೇನ?’

ಇಲ್ಲವ್ವ, ಅಲ್ಲಿ ರೆಸಾರ್ಟ್ ಇಲ್ಲ. ದಂಡೆಯಿಂದ ಸುಮಾರು 19 ಕಿ.ಮೀ. ಬೋಟ್‌ನ್ಯಾಗ ಹೋಗಿ, ಅಲ್ಲಿಂದಲೇ ನೀರಿಗೆ ಇಳೀಬೇಕು.

ಇಂಗ್ಲಿಷ್ ನಕಾಶೆಗಳಲ್ಲಿ ಇದು ಪಿಜನ್ ಐಲ್ಯಾಂಡ್. ಕರಾವಳಿಯ ಮೀನುಗಾರರಿಗೆ ಹರಕೆಯ ಜಾಗ. ಆಡು ಬಿಟ್ಟು ಬರುತ್ತಿದ್ದರು. ನೌಕಾಪಡೆಗೆ ಮಾತ್ರ ಇದು ಗುರಿ. ಗುಂಡು ಹಾರಿಸುವ ಅಭ್ಯಾಸಕ್ಕೆ ವರ್ಷಗಟ್ಟಲೆ ಇದೇ ದ್ವೀಪವನ್ನು ಬಳಸಿದರು. ಸಿಡಿಯದ ಶೆಲ್‌ಗಳೂ ಇಲ್ಲಿ ಸಿಕ್ಕಿವೆ. ನಾವು ನೋಡಾಕ ಹೊಂಟಿರೋ ಹವಳ ಇರೋದು ಇದರ ಬುಡದಲ್ಲೇ, ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟೋದು ಇದರ ಮ್ಯಾಲೇ. ವಿಜ್ಞಾನಿಗಳು, ಪರಿಸರ ಹೋರಾಟಗಾರರು ಅದಕ್ಕೇ ವಿರೋಧಿಸಿದರು. ಸೈನ್ಯಕ್ಕೆ ಅಭ್ಯಾಸ ಬೇಕು, ಖರೆ. ಆದ್ರ ಇಷ್ಟು ಜೀವ ಇರೋ ಜಾಗಾನೇ ಬೇಕಿತ್ತಾ?

ತಮಾಷೆ ನೋಡ್ರಿ: ನೀರಿನಡಿ ಉಸಿರಾಡಿಸೋ ಆಕ್ವಾಲಂಗನ್ನು 1943ರಲ್ಲಿ ರೂಪಿಸಿದವರು ಇಬ್ಬರು. ಒಬ್ಬ ಎಂಜಿನಿಯರ್ ಎಮಿಲ್ ಗ್ಯಾನ್ಯಾಂ. ಇನ್ನೊಬ್ಬ ಜಾಕ್ ಕೂಸ್ಟೋ, ಫ್ರಾನ್ಸ್ ನೌಕಾಪಡೆಯ ಅಧಿಕಾರಿ!

ಮಳೆಗಾಲದಾಗ ಡೈವಿಂಗ್ ಬಂದ್, ಹಂಗಾಗಿ ಡಿಸೆಂಬರ್. ಹವಳ ಮುಟ್ಟಬ್ಯಾಡ್ರಿ, ಮುರಕೊಂಡಂತೂ ಬರಲೇಬ್ಯಾಡ್ರಿ. ಡೈವ್ ಮಾಡಿದ ದಿನಾನೇ ಘಟ್ಟ ಹತ್ತೂದೂ ಬ್ಯಾಡ. ಕೂಡ್ಲೇ ಎತ್ತರಕ್ಕ ಏರಿದ್ರ ಮೈಯೊಳಗಿನ ನೈಟ್ರೋಜನ್ ಗುಳ್ಳಿ ಆಗಬಹುದು. ಆ ರಾತ್ರಿ ಮುರುಡೇಶ್ವರದಾಗ ಉಳಿಯೂಣು. ರಾಣೆಬೆನ್ನೂರಿನವರು ರೊಟ್ಟಿ ತರ್ರಿ, ಬ್ಯಾಡಗಿಯವರು ಏನು ತರಬೇಕಂತ ಹೇಳಬೇಕೇನ?