ಪೆಟ್ಟಿಗೆ ಅರ್ಧ, ಮನೆ ಅರ್ಧ

ಮಂಗಳೂರಿನಿಂದ ಹೊರಟು ನೇತ್ರಾವತಿ ಸೇತುವೆ ದಾಟಿ ಕೇರಳದ ಕಡೆಗೆ ಸಾಗುವವರಿಗೆ ಸಿಗುವ ಮೊದಲ ದೊಡ್ಡ ಪೇಟೆ ತೊಕ್ಕೊಟ್ಟು. ಒಂದು ಕೈಯನ್ನು ಉಳ್ಳಾಲದ ಕಡಲತ್ತ, ಇನ್ನೊಂದನ್ನು ದೇರಳಕಟ್ಟೆ, ಕೊಣಾಜೆಗಳತ್ತ ಚಾಚಿಕೊಂಡಿರುವ ಈ ಕೂಡುರಸ್ತೆಯಲ್ಲಿ ಮೌನವೆಂಬುದು ದುರ್ಲಭ ವಸ್ತು. ಹೆದ್ದಾರಿಯ ಲಾರಿಗಳು, ಬಸ್ ಕಂಡಕ್ಟರರ ಕೂಗು, ಮಸೀದಿಯ ಬಾಂಗು, ಇಗರ್ಜಿಯ ಗಂಟೆ, 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುಹಾದಿಯ ಸದ್ದು - ಹೀಗೆ ಒಂದಲ್ಲ ಒಂದು ಧ್ವನಿ ಇಲ್ಲಿ ಇದ್ದೇ ಇರುತ್ತದೆ. ಉಳ್ಳಾಲವೆಂಬ ಹೆಸರಿನ ರೈಲು ನಿಲ್ದಾಣ ಇರುವುದೂ ತೊಕ್ಕೊಟ್ಟಿನಲ್ಲೇ.

ಇಂಥ ಊರಿನ ಹೊಸ ಮನೆಯೊಂದರ ಹಾಲಿನಲ್ಲಿ, ಟಿವಿಯ ಎಡಬಲಗಳಲ್ಲಿ ದ್ವಾರಪಾಲಕರಂತೆ ನಿಂತ ಎರಡು ಎತ್ತರದ ಪೆಟ್ಟಿಗೆಗಳನ್ನು ಕಲ್ಪಿಸಿಕೊಳ್ಳಿ. ಅಂಗಡಿಯವರು ಇವನ್ನು ಟವರ್ ಸ್ಪೀಕರ್ ಎನ್ನುತ್ತಾರೆ. ಸೊಂಟದೆತ್ತರದಿಂದ ಎದೆಯೆತ್ತರದವರೆಗಿನ, ನೆಲದ ಮೇಲೆ ನೇರ ನಿಲ್ಲುವ ಧ್ವನಿವರ್ಧಕಗಳು. ಉತ್ತಮ ದರ್ಜೆಯದಾದರೆ ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಕಾರಿನ ಬೆಲೆಯವೂ ಇವೆ.

ವಿಚಿತ್ರವೆಂದರೆ, ಇವನ್ನು ಕೊಂಡು ತಂದವರ ಮೊದಲ ಅನುಭವ ಬಹುಪಾಲು ನಿರಾಶೆಯದೇ! ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಹಾಡಿದ ಪೆಟ್ಟಿಗೆ ಮನೆಯಲ್ಲಿ ಬೊಬ್ಬೆ ಹಾಕುತ್ತದೆ. ಮೃದಂಗದ ಪೆಟ್ಟು ಗುಂಯ್‌ಗುಡುತ್ತದೆ. ಗಾಯಕನ ಸಾಹಿತ್ಯ ಅರ್ಥವಾಗದೆ ಕಲಸಿಹೋಗುತ್ತದೆ. ಮನೆಯೊಡೆಯ ಮೊದಲು ಆಂಪ್ಲಿಫೈಯರನ್ನು ದೂರುತ್ತಾನೆ, ಆಮೇಲೆ ವಯರನ್ನು, ಕೊನೆಗೆ ಮಾರಿದವನನ್ನು. ತಾನು ಕಟ್ಟಿಸಿದ ಹಾಲನ್ನು ಮಾತ್ರ ಯಾರೂ ದೂರುವುದಿಲ್ಲ. ತಪ್ಪು ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಅದು ಹೇಗೆಂದು ತಿಳಿಯಲು ನಮ್ಮ ಕರಾವಳಿಯ ಮನೆಗಳಿಗೆ ಧ್ವನಿಪೆಟ್ಟಿಗೆ ಬಂದ ಬಗೆಯನ್ನೂ, ಆ ಮನೆಗಳೇ ಬದಲಾದ ಬಗೆಯನ್ನೂ ನೋಡಬೇಕು.

ಕೂಡಿ ಕೇಳುವ ಕಾಲ

ಭಾರತದಲ್ಲಿ ಗ್ರಾಮೊಫೋನ್ ಕಂಪನಿಯ ಮೊದಲ ಮುದ್ರಣಗಳು ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಂದು ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ಆಕೆ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಕಾಲದ ಗ್ರಾಮೊಫೋನಿಗೆ ವಿದ್ಯುತ್ತೇ ಬೇಡ. ಕೈಯಲ್ಲಿ ಕೀಲಿ ಕೊಟ್ಟರೆ ತಟ್ಟೆ ತಿರುಗುತ್ತಿತ್ತು, ಸೂಜಿಯ ನಡುಕವನ್ನು ತುತ್ತೂರಿ ದೊಡ್ಡದು ಮಾಡುತ್ತಿತ್ತು.

ಬಾನುಲಿ ಬಂದದ್ದು ಅನಂತರ. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಕೇಂದ್ರ 'ಆಕಾಶವಾಣಿ' ಎಂಬ ಹೆಸರಿಗೂ ತವರು. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟುವ ಈ ಪದ್ಧತಿ 1980ರ ದಶಕದ ನಡುವಿನವರೆಗೂ ಉಳಿದಿತ್ತು. ಹಾಗಾಗಿ ರೇಡಿಯೊ ಇದ್ದ ಮನೆಯ ಚಾವಡಿ ಅರ್ಧ ಊರಿನ ಚಾವಡಿಯೇ ಆಗುತ್ತಿತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ತುಳು, ಕೊಂಕಣಿಗಳೂ ಆ ಪೆಟ್ಟಿಗೆಯೊಳಗಿಂದ ಕೇಳಿಬಂದವು. ಒಂದೇ ಪೆಟ್ಟಿಗೆ, ಸುತ್ತ ಹತ್ತು ಜೊತೆ ಕಿವಿ! ಧ್ವನಿ ಎಷ್ಟು ಶುದ್ಧವಾಗಿದೆ ಎಂಬ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ. ಕೇಳಿಸಿದರೆ ಸಾಕಿತ್ತು.

ಕೊಲ್ಲಿಯಿಂದ ಬಂದ ಪೆಟ್ಟಿಗೆ

1973ರಲ್ಲಿ ತೈಲದ ಬೆಲೆ ಏರಿತು. ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ ಕೆಲಸಕ್ಕೆ ಜನ ಬೇಕಾಯಿತು. ಉಳ್ಳಾಲ, ತೊಕ್ಕೊಟ್ಟು, ಮಂಜೇಶ್ವರಗಳ ಬ್ಯಾರಿ, ಕ್ರೈಸ್ತ, ಹಿಂದೂ ಮನೆಗಳ ತರುಣರು ಮುಂಬಯಿಯ ಮೂಲಕ ವಿಮಾನ ಹತ್ತಿದರು. ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯವರೆಗೆ ಊರಿಗೆ ಬರುವುದೆಂದರೆ ಮುಂಬಯಿಯ ಕಸ್ಟಮ್ಸ್ ಕಟ್ಟೆಯನ್ನು ದಾಟಿ, ಅಲ್ಲಿಂದ ಹಗಲು ರಾತ್ರಿ ಬಸ್ಸಿನಲ್ಲಿ ಕುಳಿತು ಬರುವುದು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದೇ 1998ರಲ್ಲಿ.

ಆ ಬಸ್ಸಿನ ಮೇಲೆ ಕಟ್ಟಿದ ಸಾಮಾನುಗಳ ನಡುವೆ ಬಂದದ್ದು ಟೂ-ಇನ್-ಒನ್. ರೇಡಿಯೊ ಮತ್ತು ಟೇಪ್‌ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ಇದರ ಜೀವಾಳ. ಕಾಳಿಂಗ ನಾವಡರ ಭಾಗವತಿಕೆ, ವಿಲ್ಫಿ ರೆಬಿಂಬಸರ ಕೊಂಕಣಿ ಹಾಡು ಮನೆಮನೆಗೂ ತಲುಪಿದ್ದು ಕ್ಯಾಸೆಟ್ಟಿನಿಂದ. ಯಕ್ಷಗಾನ ನೋಡಲು ಮೇಳ ಬರುವವರೆಗೆ ಕಾಯಬೇಕಾಗಿದ್ದವರು ಪದ್ಯ ಕೇಳಲು ಕಾಯಬೇಕಾಗಲಿಲ್ಲ. 1990ರಲ್ಲಿ ನಾವಡರು ಎಳೆಯ ಪ್ರಾಯದಲ್ಲೇ ಅಪಘಾತದಲ್ಲಿ ತೀರಿಕೊಂಡ ಮೇಲೂ ಅವರ ಕಂಠ ಉಳಿದದ್ದು ಹೀಗೆಯೇ.

ಆದರೆ ಕೊಲ್ಲಿಯ ಮನೆಗಳಲ್ಲಿ ಕ್ಯಾಸೆಟ್ಟಿಗೆ ಹಾಡಿಗಿಂತಲೂ ದೊಡ್ಡ ಇನ್ನೊಂದು ಕೆಲಸವಿತ್ತು. ಅದು ಪತ್ರದ ಕೆಲಸ. ವಿದೇಶಕ್ಕೆ ಫೋನು ಎಂದರೆ ದುಬಾರಿ. ಕಾಗದ ಬರೆಯೋಣವೆಂದರೆ ಬ್ಯಾರಿ, ತುಳುಗಳಲ್ಲಿ ಕಾಗದ ಬರೆಯುವ ರೂಢಿಯಿಲ್ಲ. ಮನೆಯಲ್ಲಿ ಆಡುವ ಮಾತು ಒಂದು, ಕಾಗದದ ಭಾಷೆ ಇನ್ನೊಂದು. ಓದಲು ಬಾರದ ತಾಯಿಗೆ ಮಗನ ಪತ್ರವನ್ನು ಇನ್ಯಾರೋ ಓದಿ ಹೇಳಬೇಕು. ಕ್ಯಾಸೆಟ್ ಈ ತೊಡಕುಗಳನ್ನೆಲ್ಲ ಒಂದೇ ಏಟಿಗೆ ಬಿಡಿಸಿತು. ಮಗ ಅಲ್ಲಿ ತನ್ನ ಮನೆಮಾತಿನಲ್ಲೇ ಅರ್ಧ ಗಂಟೆ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ. ಇಲ್ಲಿ ಚಾವಡಿಯಲ್ಲಿ ಎಲ್ಲರೂ ಕುಳಿತು ಕೇಳಿ, ಅದರ ಮೇಲೆಯೇ ಉತ್ತರ ಮುದ್ರಿಸಿ ಕಳಿಸುತ್ತಿದ್ದರು. ಟೂ-ಇನ್-ಒನ್ ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದು ಬರೇ ಡೌಲಿಗಲ್ಲ.

ಕಾಲ ಕಳೆದಂತೆ ಆಸೆಯೂ ಬೆಳೆಯಿತು. ಟೂ-ಇನ್-ಒನ್ ಜಾಗಕ್ಕೆ ಡೆಕ್ಕು, ಬಿಡಿ ಸ್ಪೀಕರುಗಳು ಬಂದವು. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಳಿದ ಸಿಡಿ ನಿಧಾನವಾಗಿ ನಮ್ಮಲ್ಲಿಗೂ ತಲುಪಿತು. 1991ರ ಉದಾರೀಕರಣ, 2001ರಲ್ಲಿ ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧ ತೆರವಾದದ್ದು - ಇವುಗಳಿಂದಾಗಿ ಹಿಂದೆ ಹೊರದೇಶದಿಂದಲೇ ಹೊತ್ತು ತರಬೇಕಾಗಿದ್ದ ಪೆಟ್ಟಿಗೆಗಳು ನಮ್ಮ ನಗರಗಳ ಅಂಗಡಿಗಳಿಗೇ ಬಂದವು.

ಎತ್ತರ ಯಾಕೆ?

ಇಂದಿನ ಧ್ವನಿವರ್ಧಕದ ಮೂಲ ವಿನ್ಯಾಸ 1925ರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನಿಟ್ಟು, ಅದಕ್ಕೆ ಕಾಗದದ ಶಂಕುವೊಂದನ್ನು ಅಂಟಿಸಿದರು. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಓಡಾಡುತ್ತದೆ. ಶಂಕು ಗಾಳಿಯನ್ನು ತಳ್ಳುತ್ತದೆ. ನೂರು ವರ್ಷ ಕಳೆದರೂ ತತ್ತ್ವ ಬದಲಾಗಿಲ್ಲ.

ಮಂದ್ರ ಸ್ವರಕ್ಕೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಅದಕ್ಕೆ ದೊಡ್ಡ ಶಂಕು ಬೇಕು, ಪೆಟ್ಟಿಗೆಯೊಳಗೆ ಹೆಚ್ಚು ಜಾಗವೂ ಬೇಕು. ಪೆಟ್ಟಿಗೆಯನ್ನು ಅಗಲ ಮಾಡಿದರೆ ಕೋಣೆಯ ಜಾಗ ತಿನ್ನುತ್ತದೆ, ಆದ್ದರಿಂದ ಎತ್ತರ ಮಾಡಿದರು. ಎತ್ತರದಿಂದ ಇನ್ನೊಂದು ಲಾಭವೂ ಆಯಿತು. ತಾರಸ್ವರವನ್ನು ನುಡಿಸುವ ಪುಟ್ಟ ಟ್ವೀಟರ್, ಕುರ್ಚಿಯಲ್ಲಿ ಕುಳಿತವರ ಕಿವಿಯ ಮಟ್ಟಕ್ಕೆ ಬಂತು. ಎರಡು ಪೆಟ್ಟಿಗೆ ಯಾಕೆಂದರೆ, ನಮಗೆ ಎರಡು ಕಿವಿ ಇರುವುದರಿಂದ. ಎರಡು ಕಡೆಯಿಂದ ಬೇರೆ ಬೇರೆಯಾಗಿ ಧ್ವನಿ ನುಡಿಸಿ, ಗಾಯಕ ನಡುವೆ ಕುಳಿತಂತೆ ಭಾಸವಾಗಿಸುವ ಸ್ಟೀರಿಯೊ ವಿದ್ಯೆಗೆ ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ 1931ರಲ್ಲೇ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು.

ಮೆತ್ತೆಗಳು ಹೇಳಿದ ಪಾಠ

ಹಾಗಾದರೆ ಇಷ್ಟೆಲ್ಲ ಇದ್ದೂ ಮನೆಯಲ್ಲಿ ಯಾಕೆ ಬೊಬ್ಬೆ? ಇದಕ್ಕೆ ಉತ್ತರ 1895ರಷ್ಟು ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಉಪನ್ಯಾಸ ಮಂದಿರವೊಂದನ್ನು ಕಟ್ಟಿದ್ದರು. ಅಲ್ಲಿ ಆಡಿದ ಮಾತು ಐದಾರು ಸೆಕೆಂಡು ಅನುರಣಿಸುತ್ತಿತ್ತು. ಒಂದು ಶಬ್ದ ಅಡಗುವ ಮೊದಲು ಹತ್ತು ಶಬ್ದ! ಸರಿಪಡಿಸುವ ಹೊಣೆ ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರ ಹೆಗಲಿಗೆ ಬಿತ್ತು. ಅವರು ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಒಂದೊಂದು ಸಲವೂ ಅನುರಣನವನ್ನು ಅಳೆದರು. ಮೆತ್ತೆ ಹೆಚ್ಚಿದಂತೆ ಅನುರಣನ ಕುಗ್ಗಿತು. ಕಟ್ಟಡದ ಧ್ವನಿಶಾಸ್ತ್ರ ಹುಟ್ಟಿದ್ದು ಹೀಗೆ.

ಬಂಗಾಳ ಮೂಲದ ಅಮರ್ ಬೋಸ್ ಅವರಿಗೆ ಈ ಪಾಠ ಗಿರಾಕಿಯಾಗಿಯೇ ದೊರೆಯಿತು. ವಿದ್ಯಾರ್ಥಿಯಾಗಿದ್ದಾಗ, 1956ರಲ್ಲಿ, ತಾಂತ್ರಿಕ ವಿವರಗಳನ್ನೆಲ್ಲ ನೋಡಿ ಒಳ್ಳೆಯ ಸ್ಟೀರಿಯೊ ಕೊಂಡರು. ಮನೆಯಲ್ಲಿ ಕೇಳಿ ನಿರಾಶರಾದರು. ಸಭಾಂಗಣದಲ್ಲಿ ನಮ್ಮ ಕಿವಿ ಮುಟ್ಟುವ ಧ್ವನಿಯಲ್ಲಿ ಹೆಚ್ಚಿನದು ಗೋಡೆಗಳಿಂದ ಪುಟಿದು ಬಂದದ್ದು ಎಂಬುದನ್ನು ಅವರು ಮನಗಂಡರು. 1968ರ ಅವರ ಪ್ರಸಿದ್ಧ ಸ್ಪೀಕರಿನಲ್ಲಿ ಒಂಬತ್ತು ಶಂಕುಗಳಿದ್ದವು. ಅವುಗಳಲ್ಲಿ ಎಂಟು ಗೋಡೆಯ ಕಡೆಗೇ ಮುಖಮಾಡಿದ್ದವು! ಎಲ್ಲರೂ ಆ ವಿನ್ಯಾಸವನ್ನು ಒಪ್ಪಲಿಲ್ಲ. ಆದರೆ ಕೋಣೆಯೂ ವಾದ್ಯದ ಒಂದು ಭಾಗ ಎಂಬ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ.

ಹೆಂಚಿನ ಮಾಡು, ತಾರಸಿ ಮನೆ

ಈಗ ತೊಕ್ಕೊಟ್ಟಿಗೆ ಮರಳೋಣ. ಇಲ್ಲಿಂದ ಹೊಳೆಯ ಆಚೆ ದಡದಲ್ಲಿರುವ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಆರಂಭವಾಯಿತು. ಮಂಗಳೂರು ಹೆಂಚು, ಮುರಕಲ್ಲಿನ ಗೋಡೆ, ಮರದ ಅಟ್ಟ - ಇದು ಕರಾವಳಿಯ ಹಳೆಯ ಮನೆಯ ಲಕ್ಷಣ. ಧ್ವನಿಯ ದೃಷ್ಟಿಯಿಂದ ಅದೊಂದು ಒಳ್ಳೆಯ ಮನೆ. ಇಳಿಜಾರಿನ ಮಾಡು ನೆಲಕ್ಕೆ ಸಮಾನಾಂತರವಲ್ಲ, ಹಾಗಾಗಿ ಧ್ವನಿ ಮೇಲೆ ಕೆಳಗೆ ಚೆಂಡಿನಂತೆ ಪುಟಿಯದು. ಹೆಂಚಿನ ಸಂದುಗಳಿಂದ ಸ್ವಲ್ಪ ಹೊರಗೆ ಜಾರಿಹೋಗುತ್ತದೆ, ಚಾಪೆ, ಹಾಸಿಗೆ, ಬಟ್ಟೆಗಳು ಇನ್ನಷ್ಟನ್ನು ಹೀರುತ್ತವೆ. ಟೂ-ಇನ್-ಒನ್ ಆ ಚಾವಡಿಯಲ್ಲಿ ಇಂಪಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊಲ್ಲಿಯ ಹಣ ಪೆಟ್ಟಿಗೆಯೊಂದನ್ನೇ ತರಲಿಲ್ಲ, ತಾರಸಿ ಮನೆಯನ್ನೂ ತಂದಿತು. ಮೇಲೆ ಕಾಂಕ್ರೀಟು, ಕೆಳಗೆ ಗ್ರಾನೈಟು, ನಡುವೆ ನುಣುಪಾದ ಗೋಡೆ, ಗಾಜಿನ ಕಿಟಕಿ. ಎಲ್ಲವೂ ಗಟ್ಟಿ, ಎಲ್ಲವೂ ಸಮಾನಾಂತರ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಕಂಪನದ ಮಂದ್ರಧ್ವನಿ ಹೊರಗೆ ಹೋಗಲಾರದೆ ಅಲ್ಲಿಯೇ ನಿಂತು ಉಬ್ಬುತ್ತದೆ. ಸಣ್ಣ ರೇಡಿಯೊ ಅಷ್ಟು ಮಂದ್ರವನ್ನು ನುಡಿಸುವುದೇ ಇಲ್ಲವಾದ್ದರಿಂದ ಈ ದೋಷ ಹೊರಗೆ ಬೀಳುವುದಿಲ್ಲ. ಟವರ್ ಸ್ಪೀಕರ್ ನುಡಿಸುತ್ತದೆ, ಕೋಣೆಯ ಗುಟ್ಟು ರಟ್ಟಾಗುತ್ತದೆ!

ಅನುಭವಸ್ಥರು ಕ್ರಮೇಣ ಕಂಡುಕೊಳ್ಳುವ ಪರಿಹಾರಗಳು ಸಬೀನರ ಮೆತ್ತೆಗಳಷ್ಟೇ ಸರಳ. ಪೆಟ್ಟಿಗೆಯನ್ನು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ, ಮೂಲೆಯಿಂದ ದೂರಕ್ಕೆ ಸರಿಸುವುದು. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ. ಹಿಂಬದಿಯ ಗೋಡೆಗೆ ಪುಸ್ತಕ ತುಂಬಿದ ಕಪಾಟು. ಖರ್ಚು ಕಡಮೆ, ಆದರೆ ಮನೆಯವರ ಒಪ್ಪಿಗೆ ಬೇಕು. ಹಾಲಿನ ನಡುವಿಗೆ ಬಂದು ನಿಂತ ಪೆಟ್ಟಿಗೆಯ ಸುತ್ತ ಗುಡಿಸಿ ಒರೆಸುವವರ ಕಷ್ಟ, ಸಂಗೀತಪ್ರೇಮಿಗೆ ಅರ್ಥವಾಗುವುದು ಪೊರಕೆ ಅವನ ಕೈಗೆ ಬಂದಾಗಲೇ.

ಕಡಲ ಗಾಳಿಯ ಕಾಟ

ಕರಾವಳಿಯವರಿಗೆ ಇನ್ನೂ ಒಂದು ಪರೀಕ್ಷೆಯಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಶಂಕುವಿನ ಅಂಚಿಗೆ ಸ್ಪಂಜಿನಂಥ ಫೋಮಿನ ಬಳೆಯಿದ್ದರೆ ಸೆಕೆ ಮತ್ತು ತೇವಕ್ಕೆ ಅದು ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ರಬ್ಬರಿನ ಬಳೆ ಹೆಚ್ಚು ಬಾಳುತ್ತದೆ. ಮರದ ಹೊಟ್ಟಿನ ಹಲಗೆಯ ಪೆಟ್ಟಿಗೆ ನೀರು ಕುಡಿದು ಊದಿಕೊಳ್ಳುತ್ತದೆ, ಗೆದ್ದಲು ಅದನ್ನು ಹಲಸಿನ ಮರವೆಂದೇ ಭಾವಿಸುತ್ತದೆ. ಸೋರದ ಗೋಡೆ, ನೆಲದಿಂದ ಅಂಗುಲ ಎತ್ತರ, ವಾರದಲ್ಲಿ ನಾಲ್ಕು ದಿನವಾದರೂ ನುಡಿಸುವುದು - ಇವೇ ಇಲ್ಲಿ ಮದ್ದು.

ಇನ್ನು ನೆರೆಹೊರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಹೆದ್ದಾರಿಯ ಪಕ್ಕದಲ್ಲಿ ಕುಳಿತು ಸೂಕ್ಷ್ಮವನ್ನು ಕೇಳಬಯಸುವವನಿಗೆ ಉಳಿಯುವುದು ರಾತ್ರಿ ಊಟವಾದ ಮೇಲಿನ ಹೊತ್ತು. ಆಗ ಧ್ವನಿ ಏರಿಸುವಂತಿಲ್ಲ. ಆದರೆ ಊರು ಮಲಗಿದಾಗ ಧ್ವನಿ ಏರಿಸುವ ಅಗತ್ಯವೂ ಇಲ್ಲ. ದೊಡ್ಡ ಸ್ಪೀಕರಿನ ನಿಜವಾದ ಗುಣ ಮೆಲುದನಿಯಲ್ಲೂ ಮಾತು ಬಿಡಿಬಿಡಿಯಾಗಿ ಕೇಳಿಸುವುದು ಎಂಬುದು ತಿಳಿಯುವುದು ಆಗಲೇ.

ಆ ಹೊತ್ತಿನಲ್ಲಿ ಹಳೆಯ ಡಬ್ಬಿಯಿಂದ ಅಂದಿನ ಪತ್ರದ ಕ್ಯಾಸೆಟ್ಟೊಂದನ್ನು ತೆಗೆದು ನುಡಿಸಿ ನೋಡಬೇಕು. ಟೂ-ಇನ್-ಒನ್ ಕೇಳಿಸಿದ್ದು ಮಾತನ್ನು ಮಾತ್ರ. ಟವರ್ ಸ್ಪೀಕರ್ ಆ ಮಾತಿನ ಹಿಂದಿನದನ್ನೂ ಕೇಳಿಸಬಲ್ಲದು. ಫ್ಯಾನಿನ ಸದ್ದು, ಜೊತೆಗಾರನ ಕೆಮ್ಮು, ಸುಖವಾಗಿದ್ದೇನೆ ಎನ್ನುವ ಮೊದಲು ನುಂಗಿಕೊಂಡ ಉಸಿರು. ಆದರೆ ಫೋಮನ್ನು ತಿಂದ ಆ ತೇವವೇ ಈ ಟೇಪುಗಳಿಗೂ ಬೂಸರು ಹಿಡಿಸುತ್ತಿದೆ. ಅವುಗಳಲ್ಲಿ ಮಾತಾಡಿದವರಲ್ಲಿ, ಅವನ್ನು ಕೇಳಿ ಅತ್ತವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಲಕ್ಷ ರೂಪಾಯಿಯ ಪೆಟ್ಟಿಗೆ ಕೊಳ್ಳುವ ಮನೆಯವರು, ಅದರ ನೂರನೇ ಒಂದು ಪಾಲು ಖರ್ಚಿನಲ್ಲಿ, ಅಂಥ ನಾಲ್ಕು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಬಹುದು. ಪೆಟ್ಟಿಗೆ ಹಳತಾದರೆ ಹೊಸತು ಬರುತ್ತದೆ, ಕೋಣೆಯನ್ನು ಜಮಖಾನೆಯಿಂದ ಸರಿಪಡಿಸಬಹುದು. ಆ ಮಾತುಗಳನ್ನು ಮತ್ತೆ ಮುದ್ರಿಸಲು ಬರುವುದಿಲ್ಲ.