ಈ ಹಬ್ಬದ ಅರ್ಥವೇನಪ್ಪಾ?
ಮಕ್ಕಳ ಪ್ರಶ್ನೆಯೂ ಧರ್ಮಸಭೆಯ ವರ್ಷಚಕ್ರವೂ

ವಿಮೋಚನಾಕಾಂಡದ 12ನೆಯ ಅಧ್ಯಾಯದಲ್ಲಿ ಪಾಸ್ಖ ಹಬ್ಬದ ವಿಧಿಗಳನ್ನು ತಿಳಿಸುವಾಗ ಮೋಶೆ ಒಂದು ಮಾತನ್ನು ಮರೆಯದೆ ಸೇರಿಸುತ್ತಾನೆ. ಮುಂದೆ ನಿಮ್ಮ ಮಕ್ಕಳು ಈ ಆಚರಣೆಯ ಅರ್ಥವನ್ನು ಕೇಳುತ್ತಾರೆ, ಆಗ ದೇವರು ನಮ್ಮನ್ನು ಬಿಡುಗಡೆ ಮಾಡಿದ ಕಥೆಯನ್ನು ಅವರಿಗೆ ಹೇಳಬೇಕು ಎಂಬುದೇ ಆ ಮಾತು. ಇಲ್ಲಿ ಮೊದಲು ಹಬ್ಬ, ಆಮೇಲೆ ಮಗುವಿನ ಪ್ರಶ್ನೆ, ಕೊನೆಗೆ ಹಿರಿಯರ ಉತ್ತರ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗಾಗಿದೆ. ಅಲ್ಲಿ ಪ್ರಶ್ನೆ ಕೇಳುವವರು ಹಿರಿಯರು, ಉತ್ತರ ಒಪ್ಪಿಸುವುದು ಮಗು. ಈ ಎರಡು ದಾರಿಗಳು ಹೇಗೆ ಬಂದವು, ನಮ್ಮ ಹುಬ್ಬಳ್ಳಿ-ಧಾರವಾಡದ ಮಣ್ಣಿನಲ್ಲಿ ಹೇಗೆ ಕೂಡಿಕೊಂಡವು ಎಂಬುದನ್ನು ನಾವು ಸ್ವಲ್ಪ ಹಿಂದಿರುಗಿ ನೋಡೋಣ.

ಕಣ್ಣಿಗೆ ಕಾಣುವ ಪಾಠ

ನಾಲ್ಕನೆಯ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಯಾತ್ರಿಕ ಮಹಿಳೆ ಜೆರುಸಲೇಮಿನಲ್ಲಿ ತಾನು ಕಂಡ ಹಬ್ಬಗಳನ್ನು ಬರೆದಿಟ್ಟಳು. ಗರಿಗಳ ಭಾನುವಾರದಂದು ಮಕ್ಕಳೆಲ್ಲ ಗರಿ, ಕೊಂಬೆಗಳನ್ನು ಹಿಡಿದು ಬರುತ್ತಿದ್ದರೆಂದೂ ನಡೆಯಲಾರದ ಕೂಸುಗಳನ್ನು ತಂದೆತಾಯಿ ಹೆಗಲ ಮೇಲೆ ಹೊತ್ತು ತರುತ್ತಿದ್ದರೆಂದೂ ಆಕೆ ಹೇಳುತ್ತಾಳೆ. ಆ ಕೂಸುಗಳಿಗೆ ಯಾವ ಪಾಠವೂ ತಿಳಿಯುತ್ತಿರಲಿಲ್ಲ. ಆದರೆ ಕೈಯಲ್ಲಿ ಗರಿ ಇತ್ತು. ಕ್ರಿ.ಶ. 400ರ ಸುಮಾರಿಗೆ ಸಂತ ಅಗಸ್ಟೀನರು, ಧರ್ಮೋಪದೇಶ ಮಾಡಿ ಬೇಸತ್ತಿದ್ದ ದೇವೊಗ್ರಾಸಿಯಸ್ ಎಂಬ ಸೇವಕನಿಗಾಗಿ ಒಂದು ಗ್ರಂಥವನ್ನೇ ಬರೆದರು. ದೇವರು ಮಾನವರಿಗಾಗಿ ಮಾಡಿದ್ದನ್ನು ಕಥೆಯಾಗಿ ಹೇಳು, ಸಂತೋಷದಿಂದ ಹೇಳು ಎಂಬುದೇ ಅದರ ಸಾರ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯನ್ನು ಸಿದ್ಧಪಡಿಸಿದ್ದೂ ಇದೇ ದಾರಿಯಲ್ಲಿ. ಓದುಬರಹ ಬಾರದವರೂ ದೇವರ ಬಡತನವನ್ನು ಕಣ್ಣಾರೆ ಕಾಣಲಿ ಎಂಬುದು ಅವರ ಬಯಕೆ.

ಬಾಯಿಪಾಠದ ದಾರಿ

1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಜೇವಿಯರರು ಬೀದಿಬೀದಿಗಳಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನು ಕೂಡಿಸಿ, ವಿಶ್ವಾಸ ಸಂಗ್ರಹವನ್ನೂ ದಶಾಜ್ಞೆಗಳನ್ನೂ ರಾಗವಾಗಿ ಹೇಳಿಕೊಟ್ಟರು. ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ರಚಿಸಿದ ಕೊಂಕಣಿ ಧರ್ಮೋಪದೇಶ ಅವರ ಮರಣಾನಂತರ 1622ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾಯಿತು. ಅದಕ್ಕೆ ಆಧಾರವಾದ ಪೋರ್ಚುಗೀಸ್ ಪುಸ್ತಕ ಮಕ್ಕಳಿಗೆ ಕಲಿಸಲೆಂದೇ ಪ್ರಶ್ನೋತ್ತರ ರೂಪದಲ್ಲಿ ಬರೆದದ್ದು. ಕನ್ನಡ ನಾಡಿಗೆ ಬಂದರೆ, 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಸೇವೆ ಆರಂಭಿಸಿದ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದರು.

ಈ ಬಾಯಿಪಾಠದ ಪದ್ಧತಿಯನ್ನು ಹಗುರವಾಗಿ ಕಾಣುವುದು ಸಲ್ಲದು. ಗುರುಗಳು ಅಪರೂಪಕ್ಕೊಮ್ಮೆ ಬರುತ್ತಿದ್ದ ಊರುಗಳಲ್ಲಿ, ಪುಸ್ತಕವೇ ಇಲ್ಲದ ಮನೆಗಳಲ್ಲಿ, ಅಜ್ಜಿಯಿಂದ ಮೊಮ್ಮಗಳಿಗೆ ವಿಶ್ವಾಸ ದಾಟಿದ್ದು ಕಂಠಸ್ಥವಾದ ಜಪಗಳಿಂದಲೇ. ಮುದುಕರು ಮರಣಶಯ್ಯೆಯಲ್ಲಿ ಎಲ್ಲ ಮರೆತರೂ ಬಾಲ್ಯದ ಜಪ ತುಟಿಯ ಮೇಲೆ ಉಳಿದಿರುವುದನ್ನು ನಮ್ಮಲ್ಲಿ ಯಾರು ಕಂಡಿಲ್ಲ?

ಅವಳಿ ನಗರದ ಕಥೆ

ನಮ್ಮ ಭಾಗದಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಕ್ರಿಸ್ತನ ಕಥೆ ಹೇಳಲು ಶ್ರಮಿಸಿದವರಲ್ಲಿ ಪ್ರೊಟೆಸ್ಟೆಂಟ್ ಸಹೋದರರನ್ನು ಕೃತಜ್ಞತೆಯಿಂದ ನೆನೆಯಬೇಕು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ಶಾಲೆಗಳನ್ನು ತೆರೆಯಿತು. 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ಲರನ್ನು ನಾವು 1894ರ ನಿಘಂಟಿನಿಂದ ಬಲ್ಲೆವು. ಆದರೆ ಅದಕ್ಕೆ ಮೂರು ದಶಕ ಮೊದಲೇ, 1862ರಲ್ಲಿ, ಅವರು ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿದ್ದರು. ಹಾಡಿಗೆ ಒಗ್ಗದ ಕಥೆ ಈ ನಾಡಿನ ಕಿವಿಗೆ ಹತ್ತದು ಎಂಬುದನ್ನು ಅವರು ಅರಿತಿದ್ದರು.

ಕಾಕತಾಳೀಯವೆಂಬಂತೆ, ಹುಬ್ಬಳ್ಳಿಗೆ ಬಾಸೆಲ್ ಮಿಷನ್ ಬಂದ 1839ರಲ್ಲಿಯೇ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೊಹಾನ್ ವಿಖರ್ನ್ ಎಂಬ ಬೋಧಕ, ತಾನು ಸಾಕುತ್ತಿದ್ದ ಬಡ ಮಕ್ಕಳು ಕ್ರಿಸ್ತಜಯಂತಿಗೆ ಇನ್ನೆಷ್ಟು ದಿನ ಎಂದು ದಿನವೂ ಕೇಳುತ್ತಿದ್ದುದಕ್ಕೆ ಉತ್ತರವಾಗಿ ಒಂದು ಗಾಡಿಚಕ್ರಕ್ಕೆ ಮೇಣದಬತ್ತಿಗಳನ್ನು ಸಿಕ್ಕಿಸಿ ದಿನಕ್ಕೊಂದರಂತೆ ಹಚ್ಚಿದರು. ಇಂದು ಆಗಮನ ಕಾಲದಲ್ಲಿ ನಮ್ಮ ಬಲಿಪೀಠದ ಬಳಿ ನಾಲ್ಕು ಬತ್ತಿಗಳ ಹಸಿರು ಬಳೆಯಾಗಿ ಇರುವುದು ಅದೇ. ಅದು ಹುಟ್ಟಿದ್ದು ಮಕ್ಕಳ ಪ್ರಶ್ನೆಯಿಂದ ಎಂಬುದನ್ನು ನಾವು ಮರೆತಿದ್ದೇವೆ.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಧಾರವಾಡದಲ್ಲಿ ಅದರ ಮುಖ್ಯ ಕಚೇರಿ, ಹುಬ್ಬಳ್ಳಿಯಲ್ಲಿ ಕಾರ್ಖಾನೆ. ದುಡಿಮೆ ಅರಸಿ ಬಂದ ಕಥೋಲಿಕ ಕುಟುಂಬಗಳ ಮನೆಮಾತು ಬೇರೆಬೇರೆ. ತಮಿಳು, ತೆಲುಗು, ಕೊಂಕಣಿ, ಇಂಗ್ಲಿಷ್ ಎಲ್ಲವೂ ಒಂದೇ ದೇವಾಲಯದ ಬಾಗಿಲಲ್ಲಿ ಕೂಡುತ್ತಿದ್ದವು. ಒಳಗೆ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ. ಮಕ್ಕಳಿಗೆ ಅದರ ಪದಗಳು ತಿಳಿಯುತ್ತಿರಲಿಲ್ಲ. ಆದರೂ ಹಬ್ಬ ಅವರಿಗೆ ತಿಳಿಯುತ್ತಿತ್ತು. ತಪಸ್ಸುಕಾಲದ ಕೊನೆಗೆ ಸ್ವರೂಪಗಳಿಗೆ ನೇರಳೆ ಬಟ್ಟೆ ಮುಚ್ಚಿದಾಗ, ಪವಿತ್ರ ಗುರುವಾರ ಗಂಟೆ ಮೌನವಾಗಿ ಮರದ ಕಟಕಟ ಸದ್ದು ಕೇಳಿದಾಗ, ಪುನರುತ್ಥಾನದ ಪೂಜೆಯಲ್ಲಿ ಎಲ್ಲ ಗಂಟೆಗಳೂ ಒಮ್ಮೆಲೇ ಮೊಳಗಿದಾಗ ಏನೋ ಆಯಿತೆಂದು ಮಗು ಅರಿಯುತ್ತಿತ್ತು. ಹಲವು ನುಡಿಗಳ ಆ ಸಮುದಾಯಕ್ಕೆ ಧರ್ಮಸಭೆಯ ವರ್ಷಚಕ್ರವೇ ಸಮಾನ ಭಾಷೆಯಾಗಿತ್ತು.

ಇದೇ ಅವಧಿಯಲ್ಲಿ ಜಗದ್ಗುರು ಸಂತ ಹತ್ತನೇ ಪಯಸ್ ಅವರು 1905ರಲ್ಲಿ, ಪ್ರತಿ ಭಾನುವಾರ ಮತ್ತು ಹಬ್ಬದ ದಿನ ಬಾಲಕ ಬಾಲಕಿಯರಿಗೆ ಒಂದು ತಾಸು ಧರ್ಮೋಪದೇಶ ನಡೆಯಬೇಕೆಂದು ವಿಧಿಸಿದರು. 1910ರಲ್ಲಿ, ಸುಮಾರು ಏಳನೆಯ ವಯಸ್ಸಿಗೇ ಮಕ್ಕಳು ಪರಮಪ್ರಸಾದ ಸ್ವೀಕರಿಸಬಹುದೆಂದು ಸಾರಿದರು. ಹೀಗೆ ಮಕ್ಕಳು ಬಲಿಪೀಠದ ಸಮೀಪಕ್ಕೆ ಬಂದರು.

1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾಗಿ ಅವಳಿ ನಗರ ಅದರ ಭಾಗವಾಯಿತು. ಹತ್ತು ವರ್ಷಗಳ ತರುವಾಯ, 1963ರ ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಹಬ್ಬಗಳ ಪಂಚಾಂಗವೇ ಪರಿಷ್ಕೃತವಾಗಿ, ಪಾಸ್ಖ ರಹಸ್ಯ ಇಡೀ ವರ್ಷದ ಕೇಂದ್ರವೆಂದು ಸ್ಪಷ್ಟವಾಯಿತು. ಕ್ರಮೇಣ ಬಲಿಪೀಠದಿಂದ ಕನ್ನಡ ಕೇಳಿಸಿತು.

ಇಂದಿನ ಕೊರತೆ

ಪ್ರಿಯರೇ, ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪದಗಳು ತಿಳಿಯದ ಕಾಲದಲ್ಲಿ ಹಬ್ಬ ಮಾತಾಡುತ್ತಿತ್ತು. ಪದಗಳು ತಿಳಿಯುವ ಕಾಲದಲ್ಲಿ ಹಬ್ಬ ಮೂಕವಾಗುತ್ತಿದೆಯೇ? ಭಾನುವಾರದ ಟ್ಯೂಷನ್, ಪರೀಕ್ಷೆಗಳ ನಡುವೆ ಧರ್ಮೋಪದೇಶದ ತಾಸು ಕಿರಿದಾಗಿದೆ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಮನೆಯ ಕನ್ನಡ ಜಪಪುಸ್ತಕವನ್ನು ಓದಲಾರರು. ಮೊದಲ ಪರಮಪ್ರಸಾದ, ದೃಢೀಕರಣ ಮುಗಿದರೆ ಪಾಠವೂ ಮುಗಿಯಿತೆಂದು ತಂದೆತಾಯಿಯೇ ತಿಳಿಯುತ್ತಾರೆ. ಅಜ್ಜಿಯ ಬಾಯಿಪಾಠವೂ ಹೋಗಿ, ಹಬ್ಬದ ಅರ್ಥವೂ ಹೋದರೆ ಉಳಿಯುವುದು ಹೊಸ ಬಟ್ಟೆ ಮತ್ತು ಕೇಕು ಮಾತ್ರ.

ಪರಿಹಾರ ದೂರದಲ್ಲಿಲ್ಲ. ಈ ನಾಡು ಹಬ್ಬದ ಮೂಲಕ ಕಲಿಸುವುದರಲ್ಲಿ ಪಳಗಿದ ನಾಡು. ಮಣ್ಣೆತ್ತಿನ ಅಮಾವಾಸ್ಯೆಗೆ ಧಾರವಾಡದ ಹಳ್ಳಿಯ ಮಕ್ಕಳು ಕೆರೆಯ ಮಣ್ಣಿನಿಂದ ಎತ್ತು ಮಾಡುತ್ತಾ ಒಕ್ಕಲುತನದ ಋಣವನ್ನು ಕಲಿಯುತ್ತಾರೆ, ಯಾರೂ ಪಾಠ ಹೇಳಬೇಕಿಲ್ಲ. ಅದೇ ಕೈಗಳು ಡಿಸೆಂಬರಿನಲ್ಲಿ ಗೋದಲಿಯ ಎತ್ತನ್ನೂ ಮಾಡಲಿ. ಅಂಗಡಿಯಿಂದ ತಂದ ಗೊಂಬೆಗಿಂತ ಮಗು ತಾನೇ ತಿದ್ದಿದ ಕುರುಬನ ಮುಂದೆ ನಿಂತು ಹೆಚ್ಚು ಪ್ರಶ್ನೆ ಕೇಳುತ್ತದೆ. ವಿಭೂತಿ ಬುಧವಾರಕ್ಕೆ ಮುನ್ನ ಕಳೆದ ವರ್ಷದ ಒಣಗಿದ ಗರಿಗಳನ್ನು ಮಕ್ಕಳೇ ಮನೆಯಿಂದ ತರಲಿ. ಜಯಘೋಷದ ಗರಿ ಏಕೆ ಬೂದಿಯಾಯಿತು ಎಂದು ಕೇಳದ ಮಗುವಿಲ್ಲ. ಪುನರುತ್ಥಾನದ ಜಾಗರಣೆಯ ಕತ್ತಲಲ್ಲಿ ಬತ್ತಿಯ ಜ್ಯೋತಿಯನ್ನು ಅವರ ಕೈಗೂ ಕೊಡೋಣ. ಕರಾವಳಿಯಿಂದ ಬಂದ ಮನೆಗಳವರು ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಹೂವಿನೊಡನೆ ಹೊಸ ತೆನೆಯ ಕಥೆಯನ್ನೂ ನೆರೆಮನೆಯ ಮಕ್ಕಳಿಗೆ ಹೇಳಲಿ. ಸಾಧಾರಣ ಕಾಲದ ಹಸಿರು ವಸ್ತ್ರವನ್ನು ಮುಂಗಾರಿನ ಹೊಲದೊಡನೆ ಹೋಲಿಸಿ ತೋರಿಸಲು ನಮ್ಮಲ್ಲಿ ಯಾವ ಪುಸ್ತಕವೂ ಬೇಕಿಲ್ಲ.

ಹಾಗೆಂದು ಜಪಗಳ ಬಾಯಿಪಾಠವನ್ನು ಬಿಡಬೇಕೆಂದಲ್ಲ. ಹಬ್ಬ ಪ್ರಶ್ನೆ ಹುಟ್ಟಿಸಲಿ, ಕಥೆ ಉತ್ತರ ಕೊಡಲಿ, ಜಪ ಅದನ್ನು ಬದುಕಿಡೀ ಕಾಪಾಡಲಿ. 2021ರ ಮೇ 10ರಂದು ಜಗದ್ಗುರು ಫ್ರಾನ್ಸಿಸ್ ಅವರು ಉಪದೇಶಿಗಳ ಸೇವೆಗೆ ಧರ್ಮಸಭೆಯಲ್ಲಿ ವಿಧ್ಯುಕ್ತ ಸ್ಥಾನ ಕೊಟ್ಟರು. ಆದರೆ ಮಗುವಿನ ಮೊದಲ ಉಪದೇಶಿಗಳು ಮನೆಯಲ್ಲೇ ಇದ್ದಾರೆ. ಮಗು ಕೇಳಿದಾಗ, ಸಿಸ್ಟರನ್ನು ಕೇಳು ಎಂದು ಕಳುಹಿಸುವ ತಂದೆ ಮೋಶೆ ಒಪ್ಪಿಸಿದ ಹೊಣೆಯನ್ನು ಬೇರೆಯವರಿಗೆ ದಾಟಿಸಿದಂತೆ.

ಬರುವ ಹಬ್ಬದಲ್ಲಿ ನಮ್ಮ ಮಗು ಅಂಗಿಯ ತುದಿ ಹಿಡಿದೆಳೆದು ಇದೇಕೆಂದು ಕೇಳಿದರೆ, ಪೂಜೆಯ ನಡುವೆ ಸುಮ್ಮನಿರೆಂದು ಸನ್ನೆ ಮಾಡಿದರೂ ಮನೆಗೆ ಹೋಗುವ ದಾರಿಯಲ್ಲಿ ಮರೆಯದೆ ಉತ್ತರಿಸೋಣ. ಮಕ್ಕಳನ್ನು ತಡೆಯದೆ ತನ್ನ ಬಳಿಗೆ ಕರೆದ ಯೇಸುಸ್ವಾಮಿಯು ಆ ಉತ್ತರವನ್ನು ನಮ್ಮ ನಾಲಿಗೆಯಲ್ಲಿ ಇರಿಸಲಿ.