ಮಗ್ಗಿಗೂ ಮೊದಲಿನ ವರ್ಷಗಳು

ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿ ಬಂದಾಗಲೆಲ್ಲ ಮೂರನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂಬುದು ದೊಡ್ಡ ಸುದ್ದಿಯಾಗುತ್ತದೆ. ಬೈಗುಳ ಮೇಷ್ಟ್ರಿಗೆ ಬೀಳುತ್ತದೆ. ಎರಡು ವರ್ಷ ತುಂಬುವ ಮೊದಲು ಆ ಮಗುವಿನ ಮನೆಗೆ ಯಾರಾದರೂ ಹೋಗಿದ್ದರೇ ಎಂದು ಕೇಳುವವರಿಲ್ಲ. ತಾಯಿ-ಮಕ್ಕಳ ಆರೋಗ್ಯದ ಕೆಲಸದಲ್ಲೇ ಆಯುಷ್ಯ ಕಳೆದ ನನಗೆ ಇದು ನೋವಿನ ಸಂಗತಿ.

ಎಳವೆಯ ಆರೈಕೆಗೂ ಕಲಿಕೆಗೂ ಇರುವ ನಂಟಿನ ಆರಂಭದ ಅಧ್ಯಯನಗಳು ಊಟದ ಸುತ್ತ ಇದ್ದವು. 1969ರಿಂದ 1977ರವರೆಗೆ ಗ್ವಾಟೆಮಾಲಾದ ಎರಡು ಹಳ್ಳಿಗಳಿಗೆ ಪ್ರೋಟೀನ್ ಬೆರೆಸಿದ ಗಂಜಿ, ಇನ್ನೆರಡಕ್ಕೆ ಸಿಹಿ ಪಾನಕ ಕೊಟ್ಟರು. ಗಂಜಿ ಕುಡಿದ ಕೂಸುಗಳು ದೊಡ್ಡವರಾದ ಮೇಲೂ ಓದಿ ಗ್ರಹಿಸುವುದರಲ್ಲಿ ಮುಂದಿದ್ದರು. ನಾಲ್ಕೂ ಹಳ್ಳಿಗಳಲ್ಲಿ ಆರೋಗ್ಯ ಸೇವೆ ಇತ್ತೆಂಬುದನ್ನು ಗಂಜಿಯನ್ನಷ್ಟೇ ಹೊಗಳುವವರು ಮರೆಯುತ್ತಾರೆ. ಆ ಅಧ್ಯಯನ ನಡೆಯುತ್ತಿದ್ದಾಗಲೇ, 1975ರ ಅಕ್ಟೋಬರ್ 2ರಂದು ನಮ್ಮ ದೇಶದ 33 ಕಡೆ ಅಂಗನವಾಡಿಗಳ ಯೋಜನೆಯಾದ ಐಸಿಡಿಎಸ್ ಶುರುವಾಯಿತು, ಕರ್ನಾಟಕದಲ್ಲಿ ತಿ. ನರಸೀಪುರದಲ್ಲಿ.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು ಜಮೈಕಾ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಕಿಂಗ್‌ಸ್ಟನ್‌ನ ಬಡ ಕೇರಿಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿಕೊಂಡಿತು. ಕೆಲವರಿಗೆ ಹಾಲಿನಪುಡಿ, ಕೆಲವರಿಗೆ ಮನೆಭೇಟಿ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಭೇಟಿಗೆ ಹೋದವರು ವೈದ್ಯರಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ ಸಮುದಾಯದ ಆರೋಗ್ಯ ಸಹಾಯಕಿಯರು. ವಾರಕ್ಕೊಂದು ಗಂಟೆ, ಎರಡು ವರ್ಷ. ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು, ಕೂಸಿನೊಡನೆ ಹೇಗೆ ಮಾತಾಡಬೇಕು, ಹೇಗೆ ಆಡಿಸಬೇಕು ಎಂದು ತಾಯಿಗೆ ತೋರಿಸಿಕೊಟ್ಟರು. ಹಾಲಿನಪುಡಿಯ ಗುಣ ಕ್ರಮೇಣ ಕರಗಿತು. ಭೇಟಿಯ ಗುಣ ಉಳಿಯಿತು. ಇಪ್ಪತ್ತು ವರ್ಷಗಳ ನಂತರ ಭೇಟಿ ಪಡೆದವರ ಸಂಪಾದನೆ ಪಡೆಯದವರದ್ದಕ್ಕಿಂತ ಶೇ 25ರಷ್ಟು ಹೆಚ್ಚಿತ್ತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸವನ್ನು ನಾನು ಕಂಡಿಲ್ಲ.

ಬಾಂಗ್ಲಾದೇಶದ ಮತ್ಲಬ್‌ನಲ್ಲಿ 1977ರಿಂದ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕುಟುಂಬ ಯೋಜನೆಯ ಸಾಧನಗಳನ್ನು ಕೊಟ್ಟರು, ಆಮೇಲೆ ದಡಾರದ ಲಸಿಕೆಯನ್ನೂ ಒದಗಿಸಿದರು. ಅಲ್ಲಿನ ಮಕ್ಕಳು 8ರಿಂದ 14ರ ವಯಸ್ಸಿನಲ್ಲಿ ಬುದ್ಧಿ ಪರೀಕ್ಷೆಗಳಲ್ಲಿ ಮುಂದಿದ್ದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಿ ಆರಂಭಿಸಿದ ಅಧ್ಯಯನವೂ ಇದೆ: ಫೋಲೇಟ್ ಎಂಬ ಜೀವಸತ್ವ ಚೆನ್ನಾಗಿದ್ದ ತಾಯಂದಿರ ಮಕ್ಕಳು ಒಂಬತ್ತು-ಹತ್ತರ ವಯಸ್ಸಿನಲ್ಲಿ ಹೆಚ್ಚು ಅಂಕ ಪಡೆದರು. ಫೋಲೇಟೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ನಮ್ಮ ಶಿಕ್ಷಣ ಚರ್ಚೆಗಳಲ್ಲಿ ಈ ಅಧ್ಯಯನದ ಹೆಸರೇ ಕೇಳಿಬರದಿರುವುದು ಬೇಸರದ ಸಂಗತಿ.

ಈಗ ‘ಮೊದಲ ಸಾವಿರ ದಿನ’ ಎಂಬ ಮಾತು, ಅಂದರೆ ಗರ್ಭ ನಿಂತಲ್ಲಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಕಾಲ, ಎಲ್ಲೆಡೆ ಓಡಾಡುತ್ತಿದೆ. ಅದನ್ನು ಅಂಗನವಾಡಿಯಲ್ಲಿ ಕೊಡುವ ‘ಪುಷ್ಟಿ’ ಪೌಷ್ಟಿಕ ಹಿಟ್ಟಿನ ಪೊಟ್ಟಣಕ್ಕೆ ಇಳಿಸಿಬಿಡುತ್ತಿದ್ದೇವೆ. ಪೊಟ್ಟಣ ಬೇಕು, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿದೆ. ಆದರೆ ದಾಖಲೆ ಪುಸ್ತಕಗಳನ್ನು ತುಂಬಿಸುವುದರಲ್ಲೇ ಹಗಲು ಕಳೆಯುವ ಅಂಗನವಾಡಿ ಕಾರ್ಯಕರ್ತೆಗೆ ತಾಯಿಯ ಪಕ್ಕ ಒಂದು ಗಂಟೆ ಕೂರಲು ಬಿಡುವೆಲ್ಲಿದೆ?

ಒಂದನೇ ತರಗತಿಗೆ ಸೇರಿಸುವಾಗ ಜನನ ಪ್ರಮಾಣಪತ್ರ ಕೇಳುತ್ತಾರೆ, ಆಧಾರ್ ಕೇಳುತ್ತಾರೆ. ಹುಟ್ಟುತೂಕ, ಚುಚ್ಚುಮದ್ದು ಬರೆದಿರುವ ತಾಯಿ ಕಾರ್ಡ್ ಕೇಳುವುದಿಲ್ಲ. ಎಷ್ಟೋ ಊರುಗಳಲ್ಲಿ ಅಂಗನವಾಡಿ ಇರುವುದು ಶಾಲೆಯ ಆವರಣದಲ್ಲೇ. ಅಲ್ಲಿ ತಿಂಗಳು ತಿಂಗಳು ತೂಕ ಗುರುತಿಸಿದ ಪಟ್ಟಿ ಪಕ್ಕದ ಕೊಠಡಿಯ ಮೇಷ್ಟ್ರ ಕೈಗೆ ಬರುವುದಿಲ್ಲ.